ಬೇರಿಗೆ ನೆಲ, ನಡೆಯುವವರಿಗೆ ದಾರಿ: ನಂಜನಗೂಡು, ತಿ. ನರಸೀಪುರದ ಬೀದಿಮರಗಳ ನಿರ್ವಹಣೆ

ಬೀದಿಮರದ ಬೇರು ಪಾದಚಾರಿ ಮಾರ್ಗವನ್ನು ಎತ್ತಿ ಒಡೆದಾಗ ಸಾಮಾನ್ಯವಾಗಿ ಎರಡೇ ಪರಿಹಾರಗಳು ಮಾತಿಗೆ ಬರುತ್ತವೆ: ಮರವನ್ನೇ ಕಡಿಯುವುದು, ಇಲ್ಲವೆ ಎದ್ದ ಬೇರನ್ನು ಕತ್ತರಿಸಿ ಅದರ ಮೇಲೆ ಮತ್ತೆ ಕಾಂಕ್ರೀಟು ಸುರಿಯುವುದು. ಮೊದಲನೆಯದು ದಶಕಗಳಲ್ಲಿ ಬೆಳೆದ ನೆರಳನ್ನು ಒಂದೇ ದಿನದಲ್ಲಿ ಕಳೆಯುತ್ತದೆ. ಎರಡನೆಯದು ಮರವನ್ನು ನಿಂತ ನೆಲದಲ್ಲೇ ಸಡಿಲಗೊಳಿಸಿ ಗಾಳಿಮಳೆಗೆ ಉರುಳುವ ಅಪಾಯವನ್ನು ತರುವುದಲ್ಲದೆ, ಉಳಿದ ಬೇರುಗಳು ದಪ್ಪವಾಗುತ್ತ ಹೋದಂತೆ ಹೊಸ ಕಾಂಕ್ರೀಟೂ ಬಿರಿಯುವುದರಿಂದ ಮೂಲ ತೊಂದರೆಯನ್ನು ಹಾಗೆಯೇ ಉಳಿಸುತ್ತದೆ. ಇವೆರಡಕ್ಕೂ ಮೊದಲು ಕೈಗೊಳ್ಳಬಹುದಾದ, ಊರಿನ ಗಾರೆಕೆಲಸದವರಿಗೆ ತಿಳಿದಿರುವ ಸಾಮಗ್ರಿಗಳಿಂದಲೇ ಮಾಡಬಹುದಾದ ಹಲವು ಕ್ರಮಗಳಿವೆ. ಮೊದಲು ಬದಲಾಗಬೇಕಾದದ್ದು ಕಲ್ಲುಹಾಸು, ಬೇರನ್ನು ಮುಟ್ಟುವುದು ಕಟ್ಟಕಡೆಯ ಹೆಜ್ಜೆ ಎಂಬುದು ಆ ಕ್ರಮಗಳೆಲ್ಲದರ ಹಿಂದಿರುವ ತತ್ತ್ವ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಎರಡೂ ನದಿತೀರದ ಯಾತ್ರಾಸ್ಥಳಗಳು. ಕೋಳಿಕ್ಕೋಡಿನಿಂದ ಗುಂಡ್ಲುಪೇಟೆ ಮತ್ತು ಮೈಸೂರುಗಳ ಮೂಲಕ ಕೊಳ್ಳೇಗಾಲಕ್ಕೆ ಸಾಗುವ 766ನೆಯ ರಾಷ್ಟ್ರೀಯ ಹೆದ್ದಾರಿ ಎರಡೂ ಊರುಗಳನ್ನು ಮುಟ್ಟುತ್ತದೆ. ಮಾರ್ಚ್–ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಡೆಯುವ ಶ್ರೀಕಂಠೇಶ್ವರನ ದೊಡ್ಡ ಜಾತ್ರೆಗೆ ನಂಜನಗೂಡಿಗೂ, ಕಾವೇರಿ–ಕಪಿಲೆಗಳ ಸಂಗಮದಲ್ಲಿ 1989ರಿಂದ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ನಡೆದುಬಂದಿರುವ ಕುಂಭಮೇಳಕ್ಕೆ ತಿ. ನರಸೀಪುರಕ್ಕೂ ಬರುವವರಲ್ಲಿ ಅನೇಕರು ಬರಿಗಾಲಿನಲ್ಲಿ ನಡೆಯುತ್ತಾರೆ, ಮಕ್ಕಳನ್ನು ಎತ್ತಿಕೊಂಡೋ ಗಂಟುಮೂಟೆ ಹೊತ್ತೋ ನೆಲ ನೋಡದೆ ಸಾಗುತ್ತಾರೆ. ಅಂಥವರ ಹೆಬ್ಬೆರಳು ಒಡೆಯಲು ಎರಡು ಸೆಂಟಿಮೀಟರ್ ಎದ್ದ ಕಲ್ಲಿನ ಅಂಚು ಸಾಕು. ಅದೇ ಜನರು ಕಾದ ಕಲ್ಲಿನಿಂದ ಕಾಲು ತಪ್ಪಿಸಿಕೊಳ್ಳಲು ಹುಡುಕುವುದು ಅದೇ ಮರದ ನೆರಳನ್ನು. ಆದ್ದರಿಂದ ಮರದ ಪರ, ನಡೆಯುವವರ ಪರ ಎಂದು ಎರಡು ಪಕ್ಷ ಮಾಡಿ ಈ ಪ್ರಶ್ನೆಯನ್ನು ಬಿಡಿಸಲು ಬರುವುದಿಲ್ಲ.

ಬೇರು ಮೇಲೇಳುವುದು ಏಕೆ

ಮರದ ಬೇರುಗಳು ಕೊಂಬೆಗಳಷ್ಟೇ ಆಳಕ್ಕೆ ಇಳಿಯುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಬಹುತೇಕ ಮರಗಳ ಬೇರುಗಳಲ್ಲಿ ಹೆಚ್ಚಿನ ಪಾಲು ನೆಲದ ಮೇಲಿನ ಸುಮಾರು 60 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತದೆ. ನೀರು ಮತ್ತು ಪೋಷಕಾಂಶ ಹೀರುವ ಕೂದಲೆಳೆಯಂಥ ಬೇರುಗಳು ಅದಕ್ಕೂ ಮೇಲೆ, ಒಂದು ಅಡಿಯೊಳಗಿನ ಪದರದಲ್ಲಿ, ಕೊಂಬೆಗಳ ಹರವನ್ನೂ ಮೀರಿ ಹಬ್ಬುತ್ತವೆ. ಬೇರಿಗೂ ಉಸಿರಾಟವಿದೆ, ಅದಕ್ಕೆ ಆಮ್ಲಜನಕ ಬೇಕು ಎಂಬುದೇ ಇದಕ್ಕೆ ಕಾರಣ. ರಸ್ತೆ ನಿರ್ಮಾಣದಲ್ಲಿ ರೋಲರ್ ಓಡಿಸಿ ಗಟ್ಟಿಮಾಡಿದ ಮಣ್ಣಿನಲ್ಲಿ ಗಾಳಿಯಾಡುವ ಸಂದುಗಳು ಉಳಿಯುವುದಿಲ್ಲವಾದ್ದರಿಂದ ಬೇರು ಕೆಳಗಿಳಿಯಲಾರದೆ ಅಡ್ಡಡ್ಡವಾಗಿ ಸಾಗುತ್ತದೆ. ಹಾಸಿನ ಕಲ್ಲಿಗೂ ಅದರ ಕೆಳಗಿನ ಗಟ್ಟಿ ಮಣ್ಣಿಗೂ ನಡುವೆ ತೆಳುವಾದ ಮರಳಿನ ಪದರವಿದ್ದು, ರಾತ್ರಿ ಕಲ್ಲು ತಣಿದಾಗ ಅದರ ತಳದಲ್ಲಿ ತೇವ ಸೇರುತ್ತದೆ, ಕಲ್ಲು ಹೊದಿಸಿರುವುದರಿಂದ ಆ ತೇವ ಬೇಗ ಆರುವುದೂ ಇಲ್ಲ. ಗಾಳಿ, ತೇವ, ಸಡಿಲ ಜಾಗ ಮೂರೂ ಒಟ್ಟಿಗೆ ಸಿಗುವ ಆ ಸಂದಿನಲ್ಲಿ ಪೆನ್ಸಿಲ್ ಗಾತ್ರದಲ್ಲಿ ನುಸುಳಿದ ಬೇರು ವರ್ಷವರ್ಷವೂ ದಪ್ಪವಾಗುತ್ತ ಕಲ್ಲನ್ನು ಎತ್ತುತ್ತದೆ. ಬುಡದ ಹತ್ತಿರ ಇನ್ನೊಂದು ಒತ್ತಡವೂ ಸೇರಿಕೊಳ್ಳುತ್ತದೆ: ಕಾಂಡವು ಬೇರುಗಳಾಗಿ ಅಗಲಗೊಳ್ಳುವ ಭಾಗ, ಅಂದರೆ ಬೇರುಬುಡ, ಕಾಂಡಕ್ಕಿಂತ ಬಹಳ ಅಗಲವಾಗಿ ಬೆಳೆಯುವುದರಿಂದ ಕಾಂಡದ ಸುತ್ತ ಒಂದು ಗೇಣು ಜಾಗ ಬಿಟ್ಟು ಹಾಸಿದ ಕಲ್ಲು ಹತ್ತು ವರ್ಷಗಳಲ್ಲಿ ಏಳದಿದ್ದರೆ ಅದೇ ಆಶ್ಚರ್ಯ.

ಈ ಎರಡು ಊರುಗಳ ನೆಲವೂ ಇದಕ್ಕೆ ಒದಗಿಬರುತ್ತದೆ. ನದಿಯ ದಡದ ತಗ್ಗು ಬಡಾವಣೆಗಳಲ್ಲಿಯೂ ನಾಲೆಯ ನೀರು ಜಿನುಗುವ ಭಾಗಗಳಲ್ಲಿಯೂ ಅಂತರ್ಜಲ ಮೇಲೆಯೇ ನಿಲ್ಲುವುದರಿಂದ, ನೀರು ತುಂಬಿದ ಮಣ್ಣಿನಲ್ಲಿ ಉಸಿರಾಡಲಾಗದ ಬೇರು ಇನ್ನಷ್ಟು ಮೇಲಕ್ಕೆ ಬರುತ್ತದೆ. 2018 ಮತ್ತು 2019ರಲ್ಲಿ ಕಪಿಲೆ ಉಕ್ಕಿದಾಗ ಆದಂತೆ ಪ್ರವಾಹದ ನೀರು ದಿನಗಟ್ಟಲೆ ನಿಂತ ಸ್ಥಳಗಳಲ್ಲಿ ಆಳದ ಬೇರುಗಳು ಕೊಳೆತು, ಮರದ ಭಾರವೆಲ್ಲ ಮೇಲ್ಪದರದ ಬೇರುಗಳ ಮೇಲೆ ಬೀಳುವ ಸಾಧ್ಯತೆಯೂ ಇದೆ. ಅಂಥ ಮರದ ಮೇಲ್ಬೇರನ್ನು ಕತ್ತರಿಸಿದರೆ ಅದನ್ನು ಹಿಡಿದು ನಿಲ್ಲಿಸಲು ಬೇರೆ ಆಧಾರವೇ ಇರುವುದಿಲ್ಲ.

ಹಾನಿಯ ಮೂಲವನ್ನು ಗುರುತಿಸುವುದು

ಪಾದಚಾರಿ ಮಾರ್ಗ ಕೆಟ್ಟಿದೆ, ಪಕ್ಕದಲ್ಲಿ ಮರವಿದೆ ಎಂದಮಾತ್ರಕ್ಕೆ ದೋಷ ಮರದ್ದೇ ಆಗಬೇಕೆಂದಿಲ್ಲ. ಇಂಥ ಊರುಗಳಲ್ಲಿ ಫುಟ್‌ಪಾತ್ ಎಂದರೆ ಬಹುಮಟ್ಟಿಗೆ ಚರಂಡಿಯ ಮೇಲೆ ಹೊದಿಸಿದ ಚಪ್ಪಡಿ. ಚರಂಡಿಯ ಗೋಡೆ ಒಂದು ಕಡೆ ಕುಸಿದರೂ, ಹೂಳೆತ್ತಲು ತೆಗೆದ ಚಪ್ಪಡಿಯನ್ನು ಸರಿಯಾಗಿ ಕೂರಿಸದೆ ಹೋದರೂ ಅದು ವಾಲುತ್ತದೆ. ಕುಡಿಯುವ ನೀರಿನ ಪೈಪಿಗೋ ಒಳಚರಂಡಿಗೋ ಅಗೆದ ಕಾಲುವೆಯನ್ನು ಪದರಪದರವಾಗಿ ಗುದ್ದಿ ತುಂಬದಿದ್ದರೆ ಮೊದಲ ಮಳೆಗಾಲದಲ್ಲೇ ಅದರ ಮೇಲಿನ ಹಾಸು ಉದ್ದಕ್ಕೂ ತಗ್ಗುತ್ತದೆ. ಇವೆರಡರ ಜೊತೆಗೆ ಎರೆಮಣ್ಣಿನ ಸ್ವಭಾವವೂ ಇದೆ. ನಂಜನಗೂಡು ರಸಬಾಳೆಗೆ ಹೆಸರಾದ ದೇವರಸನಹಳ್ಳಿಯ ಸುತ್ತಿನಂಥ ಕಪ್ಪು ಜೇಡಿಮಣ್ಣು ನೀರು ಕುಡಿದಾಗ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅಂಥ ನೆಲದ ಮೇಲೆ ಹಾಸಿದ ಕಾಂಕ್ರೀಟು ಹತ್ತಿರದಲ್ಲಿ ಒಂದೂ ಮರವಿಲ್ಲದಿದ್ದರೂ ಒಡೆಯುತ್ತದೆ.

ಇವುಗಳನ್ನು ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ಹಾಸು ಮೇಲಕ್ಕೆ ಉಬ್ಬಿದ್ದು, ಉಬ್ಬಿನ ಏಣು ಕಾಂಡದಿಂದ ಹೊರಟು ದೂರ ಹೋದಂತೆ ತಗ್ಗುತ್ತಿದ್ದರೆ ಅದು ಬೇರಿನ ಕೆಲಸ. ಹಾಸು ಕೆಳಕ್ಕೆ ಕುಸಿದಿದ್ದರೆ ಚರಂಡಿಯನ್ನೋ ಪೈಪಿನ ಸೋರಿಕೆಯನ್ನೋ ಶಂಕಿಸಬೇಕು. ಬೇಸಗೆಯಲ್ಲಿ ಅಗಲವಾಗಿ, ಮಳೆಗಾಲದಲ್ಲಿ ಕಿರಿದಾಗುವ ಬಿರುಕು ಮರದಿಂದ ದೂರದಲ್ಲಿಯೂ ಅದೇ ರೀತಿ ಕಂಡರೆ ಅದು ಮಣ್ಣಿನ ಸ್ವಭಾವ. ಸಂಶಯ ಉಳಿದಲ್ಲಿ ಒಂದು ಚಪ್ಪಡಿಯನ್ನೋ ನಾಲ್ಕು ಇಂಟರ್‌ಲಾಕ್ ಇಟ್ಟಿಗೆಗಳನ್ನೋ ಎತ್ತಿ, ಕರಣೆಯಿಂದಲೋ ಕೈಯಿಂದಲೋ ಮಣ್ಣು ಸರಿಸಿ ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ. ಪೈಪಿನೊಳಗೆ ಬೇರು ತುಂಬಿಕೊಂಡಿದ್ದರೂ ಅದೇ ವಿವೇಚನೆ ಅನ್ವಯಿಸುತ್ತದೆ: ಗಟ್ಟಿಮುಟ್ಟಾದ ಪೈಪನ್ನು ಬೇರು ಕೊರೆಯುವುದಿಲ್ಲ, ಸಡಿಲವಾದ ಕೀಲಿನಿಂದ ನೀರು ಜಿನುಗಿದಾಗ ಆ ತೇವವಿರುವಲ್ಲಿ ಬೆಳೆದು ಒಳನುಗ್ಗುತ್ತದೆ, ಆದ್ದರಿಂದ ಕೀಲನ್ನು ಸರಿಪಡಿಸದೆ ಬೇರನ್ನಷ್ಟೇ ಕತ್ತರಿಸಿದರೆ ಅದು ಮತ್ತೆ ಬರುತ್ತದೆ.

ಕಲ್ಲುಹಾಸಿನ ತಿದ್ದುಪಡಿ

ತಕ್ಷಣದ ಅಪಾಯವನ್ನು ತಪ್ಪಿಸಲು ಎರಡು ಸರಳ ಉಪಾಯಗಳಿವೆ. ಎದ್ದ ಅಂಚು ಒಂದೆರಡು ಸೆಂಟಿಮೀಟರ್ ಮಾತ್ರವಿದ್ದರೆ ಅದನ್ನು ಉಜ್ಜುವ ಯಂತ್ರದಿಂದ ಸವೆಸಿ ಓರೆಮಾಡಬಹುದು. ಹೆಚ್ಚಾಗಿದ್ದರೆ ತಗ್ಗಿನ ಕಡೆ ಗಾರೆಯಿಂದ ಇಳಿಜಾರು ಕೊಟ್ಟು ಎಡವದಂತೆ ಮಾಡಬಹುದು. ಎತ್ತರ ಒಂದು ಅಳತೆಯಿದ್ದಲ್ಲಿ ಇಳಿಜಾರಿನ ಉದ್ದ ಹನ್ನೆರಡು ಅಳತೆ ಇದ್ದರೆ ಗಾಲಿಕುರ್ಚಿಯೂ ಹಾಯಬಹುದು. ಆದರೆ ಇವು ತಾತ್ಕಾಲಿಕ ಕ್ರಮಗಳೇ ಆಗಿದ್ದು, ಬೇರು ಬೆಳೆಯುತ್ತಲೇ ಇರುವುದರಿಂದ ಬಾಳಿಕೆಯ ಪರಿಹಾರವನ್ನು ಬೇರೆಯಾಗಿ ಯೋಜಿಸಬೇಕಾಗುತ್ತದೆ.

ಅಂಥ ಪರಿಹಾರಗಳಲ್ಲಿ ಮೊದಲನೆಯದು ಮರದ ಬುಡವನ್ನು ಬಿಡಿಸುವುದು. ಕಾಂಡದ ಸುತ್ತ ಕನಿಷ್ಠ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟು, ಟೈಲ್ಸ್, ಡಾಂಬರು ಯಾವುದೂ ಇರಬಾರದು. ದೆಹಲಿಯ ಮರಗಳಿಗೆ ಸಂಬಂಧಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲ್‌ನಲ್ಲಿ ಇದೇ ಅಳತೆಯನ್ನು ಹಾಕಿ, ಮರಗಳ ಸುತ್ತಲಿನ ಒಂದು ಮೀಟರ್ ಕಾಂಕ್ರೀಟನ್ನು ತೆಗೆಯಲು ಅಲ್ಲಿನ ಸಾರ್ವಜನಿಕ ಸಂಸ್ಥೆಗಳಿಗೆ ಆದೇಶಿಸಿತು. ಮರಗಳಿಗೆ ಹೊಡೆದ ಫಲಕಗಳನ್ನೂ ಸುತ್ತಿದ ತಂತಿಗಳನ್ನೂ ತೆಗೆಯುವಂತೆ ಹೇಳಿತು. ಆ ಆದೇಶ ದೆಹಲಿಯ ಸಂಸ್ಥೆಗಳಿಗೆ ಕೊಟ್ಟದ್ದಾದರೂ ಅದರ ಹಿಂದಿನ ಸಸ್ಯಶಾಸ್ತ್ರ ಎಲ್ಲ ಊರಿಗೂ ಒಂದೇ. ಹೀಗೆ ಬಿಡಿಸಿದ ಜಾಗ ಕಸದ ಗುಂಡಿಯಾಗದಂತೆ ಒಣಗಿದ ಎಲೆಯ ಹೊದಿಕೆಯನ್ನೋ ದಪ್ಪ ಜಲ್ಲಿಯನ್ನೋ ನೆಲಮಟ್ಟಕ್ಕೆ ತುಂಬಬಹುದು. ಇಕ್ಕಟ್ಟಾದ ಕಡೆಗಳಲ್ಲಿ ತೂತುಗಳಿರುವ ಕಬ್ಬಿಣದ ಜಾಲರಿ ಮುಚ್ಚಿದರೆ ಜನ ಅದರ ಮೇಲೆ ನಡೆಯಲೂ ಸಾಧ್ಯ. ಕಾಂಡ ದಪ್ಪವಾದಂತೆ ಆ ಜಾಲರಿಯ ಒಳಸುತ್ತನ್ನು ಕತ್ತರಿಸಿ ಅಗಲಮಾಡುವ ಹೊಣೆಯನ್ನು ಯಾರಿಗಾದರೂ ವಹಿಸಿರಬೇಕು, ಇಲ್ಲವಾದರೆ ಅದೇ ಕಾಂಡವನ್ನು ಕೊರೆಯುತ್ತದೆ.

ಎರಡನೆಯದು ದಾರಿಯನ್ನೇ ಬಳಸಿ ಒಯ್ಯುವುದು. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪಾದಚಾರಿ ಸೌಲಭ್ಯಗಳಿಗಾಗಿ ಪ್ರಕಟಿಸಿದ ಮಾರ್ಗಸೂಚಿಯು ವಸತಿ ಬೀದಿಗಳಲ್ಲಿ 1.8 ಮೀಟರ್ ಅಡೆತಡೆಯಿಲ್ಲದ ಅಗಲವನ್ನು ಕೇಳುತ್ತದೆ. ಅಷ್ಟು ಜಾಗ ಹಳೆಯ ಬೀದಿಗಳಲ್ಲಿ ಸಿಗುವುದು ಅಪರೂಪವಾದರೂ, ಮರವಿರುವ ಒಂದೆರಡು ಮೀಟರ್ ಉದ್ದದಲ್ಲಿ ಮಾತ್ರ ಅಂಚುಕಲ್ಲನ್ನು ರಸ್ತೆಯ ಕಡೆಗೆ ಸ್ವಲ್ಪ ಉಬ್ಬಿಸಿ ಗಾಲಿಕುರ್ಚಿ ಹಾಯುವ 90 ಸೆಂಟಿಮೀಟರನ್ನಾದರೂ ಉಳಿಸಿಕೊಳ್ಳಲು ಸಾಧ್ಯವಿದೆ. ಆ ಉಬ್ಬಿನ ಎರಡೂ ಬದಿಗೆ ವಾಹನ ನಿಲ್ಲಿಸುವ ಜಾಗ ಮಾಡಿದರೆ ರಸ್ತೆಯ ಸಂಚಾರಕ್ಕೂ ಅಡ್ಡಿಯಾಗುವುದಿಲ್ಲ.

ಮೂರನೆಯ ಉಪಾಯ ಈ ಪ್ರದೇಶಕ್ಕೆ ಎಲ್ಲಕ್ಕಿಂತ ಹೆಚ್ಚು ಒಪ್ಪುವಂಥದ್ದು, ಆದರೂ ಅದನ್ನು ಬಳಸುವುದು ಕಡಿಮೆ ಎಂಬುದು ವಿಷಾದದ ಸಂಗತಿ. ಚರಂಡಿಯ ಎರಡು ಗೋಡೆಗಳ ಮೇಲೆ ಚಪ್ಪಡಿ ಕೂರಿಸುವ ವಿದ್ಯೆ ಇಲ್ಲಿನ ಕಲ್ಲುಕೆಲಸದವರಿಗೆ ತಲೆಮಾರುಗಳಿಂದ ಗೊತ್ತಿದೆ. ಅದನ್ನೇ ಬೇರಿನ ಮೇಲೂ ಮಾಡಬಹುದು. ಬೇರುಗಳ ನಡುವೆ ಖಾಲಿ ಜಾಗ ನೋಡಿ ಕೈಯಿಂದ ಅಗೆದು ಸಣ್ಣ ಕಲ್ಲುಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಚಪ್ಪಡಿಯನ್ನು ಇಟ್ಟು, ಬೇರಿಗೂ ಚಪ್ಪಡಿಯ ತಳಕ್ಕೂ ನಡುವೆ ಐದಾರು ಸೆಂಟಿಮೀಟರ್ ತೆರಪು ಬಿಟ್ಟರೆ, ಬೇರು ಹಲವು ವರ್ಷ ದಪ್ಪವಾಗಲು ಜಾಗ ಸಿಗುತ್ತದೆ ಮತ್ತು ಮಳೆಯ ನೀರೂ ಗಾಳಿಯೂ ಸಂದುಗಳಿಂದ ಮಣ್ಣಿಗೆ ಇಳಿಯುತ್ತವೆ. ಮುಂದೊಂದು ದಿನ ಬೇರು ತಾಗಿದರೂ ಒಂದು ಚಪ್ಪಡಿಯನ್ನು ಎತ್ತಿ ಮತ್ತೆ ಕೂರಿಸಿದರಾಯಿತು. ಅಚ್ಚು ಹಾಕಿದ ಕಾಂಕ್ರೀಟಿನಂತೆ ಒಡೆದು ಎಸೆಯಬೇಕಿಲ್ಲ. ಇಂಟರ್‌ಲಾಕ್ ಇಟ್ಟಿಗೆಗಳಿಗೂ ಬಿಚ್ಚಿ ಜೋಡಿಸುವ ಗುಣವಿದೆ, ಆದರೆ ಕೆಳಗೆ ಕಾಂಕ್ರೀಟಿನ ಹಾಸು ಹಾಕಿ ಅದರ ಮೇಲೆ ಸಿಮೆಂಟಿನಿಂದ ಅಂಟಿಸಿದಾಗ ಆ ಗುಣ ಹಾಳಾಗುತ್ತದೆ. ಮರಗಳಿರುವ ಭಾಗದಲ್ಲಿ ಅವುಗಳನ್ನು ಮರಳಿನ ಮೇಲೆಯೇ ಕೂರಿಸಬೇಕು.

ನಾಲ್ಕನೆಯದು ಕಲ್ಲುಹಾಸಿನ ತಳಪದರವನ್ನು ಬದಲಿಸುವುದು. ಸಣ್ಣ ಪುಡಿಯಿಲ್ಲದ, ಒಂದೇ ಗಾತ್ರದ ದಪ್ಪ ಜಲ್ಲಿಯನ್ನು ಹಾಸಿನ ಕೆಳಗೆ ತುಂಬಿದರೆ ಜಲ್ಲಿಯ ನಡುವಿನ ತೆರಪುಗಳಲ್ಲಿ ತೇವ ನಿಲ್ಲದೆ ಇರುವುದರಿಂದ ಬೇರು ಆ ಪದರದಲ್ಲಿ ಹಬ್ಬದೆ ಅದರ ಕೆಳಗೆ ಸಾಗುವ ಸಂಭವ ಹೆಚ್ಚು. ಇದರ ಮುಂದುವರಿದ ರೂಪವನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಅಭಿವೃದ್ಧಿಪಡಿಸಲಾಯಿತು: ತೂಕದಲ್ಲಿ ಸುಮಾರು ನಾಲ್ಕು ಪಾಲು ಜಲ್ಲಿಗೆ ಒಂದು ಪಾಲು ಜೇಡಿಮಿಶ್ರಿತ ಮಣ್ಣನ್ನು ಬೆರೆಸಿ ಗುದ್ದಿದಾಗ ಜಲ್ಲಿಕಲ್ಲುಗಳು ಒಂದಕ್ಕೊಂದು ಆತು ಮೇಲಿನ ಭಾರವನ್ನು ಹೊರುತ್ತವೆ, ಅವುಗಳ ನಡುವೆ ಗುದ್ದಿಗೆ ಸಿಗದೆ ಉಳಿದ ಮಣ್ಣಿನಲ್ಲಿ ಬೇರು ಆಳಕ್ಕೆ ಬೆಳೆಯುತ್ತದೆ. ಈಗಾಗಲೇ ಬೆಳೆದ ಮರದ ಕೆಳಗೆ ಇದನ್ನು ತುಂಬಲು ಅಗೆಯುವುದು ಸಲ್ಲದು. ಹೊಸ ಬಡಾವಣೆಗಳಲ್ಲಿ ಗಿಡ ನೆಡುವ ಮೊದಲೇ ಮಾಡಿಕೊಳ್ಳಬೇಕಾದ ಏರ್ಪಾಡು ಇದು.

ಮರಕ್ಕೆ ನೆಲ ಬಿಡುವ ವಿಚಾರದಲ್ಲಿ ಹಳೆಯ ಅಶ್ವತ್ಥಕಟ್ಟೆಗಳಿಂದ ಕಲಿಯಬೇಕಾದದ್ದಿದೆ. ಬಲವಾದ ಮೇಲ್ಬೇರುಗಳಿರುವ ಅರಳಿಯಂಥ ಮರಕ್ಕೆ ದಾರಿಯಿಂದ ಪ್ರತ್ಯೇಕವಾದ ವಿಶಾಲ ಜಾಗವನ್ನು ಅದು ಚಿಕ್ಕದಿರುವಾಗಲೇ ಮೀಸಲಿಟ್ಟು, ಸುತ್ತ ಕಲ್ಲು ಕಟ್ಟಿ, ಜನ ಕೂರುವ ಸ್ಥಳವನ್ನಾಗಿ ಮಾಡಿದ ಆ ಕ್ರಮದಲ್ಲಿ ಮರಕ್ಕೂ ಮನುಷ್ಯರಿಗೂ ಅನುಕೂಲವಿತ್ತು. ಈಗ ಅನೇಕ ಕಡೆ ನಡೆಯುವುದು ಇದಕ್ಕೆ ವಿರುದ್ಧವಾದದ್ದು: ಬೆಳೆದ ಮರದ ಕಾಂಡಕ್ಕೆ ಒತ್ತಿ ಸಿಮೆಂಟಿನ ಕಟ್ಟೆ ಕಟ್ಟಿ ಒಳಗೆ ಎರಡು ಮೂರು ಅಡಿ ಮಣ್ಣು ತುಂಬುತ್ತಾರೆ. ಅದರಿಂದ ಕೆಳಗಿನ ಬೇರುಗಳಿಗೆ ಗಾಳಿ ತಪ್ಪುತ್ತದೆ, ಮಣ್ಣಿನಲ್ಲಿ ಹೂತ ತೊಗಟೆ ಕೊಳೆಯುತ್ತದೆ, ಭಕ್ತಿಯಿಂದ ಮಾಡಿದ ಕೆಲಸವೇ ಮರಕ್ಕೆ ಮುಳುವಾಗುತ್ತದೆ.

ಬೇರು ಕತ್ತರಿಸುವುದು ಅನಿವಾರ್ಯವಾದಾಗ

ಚರಂಡಿ ಪೂರ್ತಿ ಕಟ್ಟಿಕೊಂಡು ಮಳೆನೀರು ಮನೆಗಳಿಗೆ ನುಗ್ಗುವಂಥ ಸಂದರ್ಭಗಳಲ್ಲಿ ಕೆಲವು ಬೇರುಗಳನ್ನು ತೆಗೆಯದೆ ಗತ್ಯಂತರವಿರುವುದಿಲ್ಲ. ಆಗ ಎಷ್ಟು ದೂರದಲ್ಲಿ ಕತ್ತರಿಸಬಹುದೆಂಬುದೇ ಮುಖ್ಯ ಪ್ರಶ್ನೆ. ವೃಕ್ಷನಿರ್ವಹಣೆಯಲ್ಲಿ ಬಳಕೆಯಲ್ಲಿರುವ ಸೂತ್ರಗಳು ಕಾಂಡದ ಅಡ್ಡಗಲವನ್ನು ಆಧರಿಸಿವೆ: ಅಡ್ಡಗಲದ ಮೂರು ಪಟ್ಟಿಗಿಂತ ಹತ್ತಿರದಲ್ಲಿ ಬೇರು ಕತ್ತರಿಸಿದರೆ ಮರದ ಸ್ಥಿರತೆಗೇ ಧಕ್ಕೆ, ಆರು ಪಟ್ಟಿನಷ್ಟು ದೂರ ಬಿಟ್ಟರೆ ಅಪಾಯ ಕಡಿಮೆ, ಹನ್ನೆರಡು ಪಟ್ಟಿನವರೆಗಿನ ನೆಲ ಮರದ ರಕ್ಷಣಾವಲಯ. ಕಾಂಡದ ಸುತ್ತಳತೆ ಅಡ್ಡಗಲದ ಮೂರು ಪಟ್ಟಿಗಿಂತ ತುಸು ಹೆಚ್ಚಾಗಿರುವುದರಿಂದ ಇದನ್ನು ಲೆಕ್ಕವಿಲ್ಲದೆ ಹಗ್ಗದಿಂದಲೇ ಅಳೆಯಬಹುದು. ಎದೆಯ ಎತ್ತರದಲ್ಲಿ ಕಾಂಡವನ್ನು ಒಂದು ಸುತ್ತು ಸುತ್ತುವಷ್ಟು ಹಗ್ಗವನ್ನು ಕತ್ತರಿಸಿ ಬುಡದಿಂದ ನೆಲದ ಮೇಲೆ ಹಾಸಿದರೆ, ಒಂದು ಹಗ್ಗದ ಅಳತೆಯೊಳಗೆ ದಪ್ಪ ಬೇರನ್ನು ಯಾವ ಕಾರಣಕ್ಕೂ ಕತ್ತರಿಸಬಾರದು, ಎರಡು ಹಗ್ಗದ ಅಳತೆಯೊಳಗೆ ತಿಳಿದವರ ಸಲಹೆಯಿಲ್ಲದೆ ಮುಟ್ಟಬಾರದು, ನಾಲ್ಕು ಹಗ್ಗದ ಅಳತೆಯೊಳಗೆ ಜೆಸಿಬಿ ಓಡಿಸಬಾರದು, ಮರಳು–ಜಲ್ಲಿ ರಾಶಿ ಹಾಕಬಾರದು. ಸುತ್ತಳತೆ 160 ಸೆಂಟಿಮೀಟರ್ ಇರುವ ಒಂದು ಹೊಂಗೆಮರಕ್ಕೆ ಈ ಗಡಿಗಳು ಕ್ರಮವಾಗಿ 1.6, 3.2 ಮತ್ತು 6.4 ಮೀಟರ್ ಆಗುತ್ತವೆ. ವಾಲಿದ ಮರಕ್ಕೆ, ಹಿಂದೆ ಒಂದು ಕಡೆ ಬೇರು ಕಳೆದುಕೊಂಡ ಮರಕ್ಕೆ ಇಷ್ಟೂ ಸಾಲದು.

ಬೇರಿನ ಗಾತ್ರವನ್ನೂ ಗಮನಿಸಬೇಕು. ಹೆಬ್ಬೆರಳಿನಷ್ಟು, ಅಂದರೆ ಸುಮಾರು 2.5 ಸೆಂಟಿಮೀಟರ್‌ವರೆಗಿನ ಬೇರುಗಳನ್ನು ಕತ್ತರಿಸಿದರೆ ಮರ ತಡೆದುಕೊಳ್ಳುತ್ತದೆ. 5 ಸೆಂಟಿಮೀಟರ್ ಮೀರಿದ ಬೇರು ಮರವನ್ನು ಹಿಡಿದು ನಿಲ್ಲಿಸುವ ಆಧಾರಬೇರಾಗಿರುವ ಸಾಧ್ಯತೆ ಹೆಚ್ಚು. ಮೊದಲು ಕೈಯಿಂದ ಮಣ್ಣು ಬಿಡಿಸಿ ಬೇರನ್ನು ಪೂರ್ತಿ ಕಾಣುವಂತೆ ಮಾಡಿ, ಹರಿತವಾದ ಗರಗಸದಿಂದ ನೇರವಾಗಿ ಕತ್ತರಿಸಬೇಕು. ಜೆಸಿಬಿಯ ಹಲ್ಲಿಗೆ ಸಿಕ್ಕ ಬೇರು ಕತ್ತರಿಸಿಹೋಗುವುದಿಲ್ಲ, ಕಾಂಡದವರೆಗೂ ಸೀಳಿಹೋಗುತ್ತದೆ, ಆ ಸೀಳಿನಲ್ಲಿ ಕೊಳೆಯುವ ಶಿಲೀಂಧ್ರ ಸೇರುತ್ತದೆ. ಕತ್ತರಿಸಿದ ತುದಿಗೆ ಡಾಂಬರು, ಬಣ್ಣ ಬಳಿಯುವುದರಿಂದ ಪ್ರಯೋಜನವಿಲ್ಲ. ಹಸಿ ಗೋಣಿಚೀಲ ಹೊದಿಸಿ ಅದೇ ದಿನ ಮಣ್ಣು ಮುಚ್ಚಿದರೆ ಸಾಕು. ಒಂದೇ ವರ್ಷದಲ್ಲಿ ಕಾಂಡದ ಎರಡೂ ಬದಿಯ ಬೇರುಗಳನ್ನು ಕತ್ತರಿಸಬಾರದು. ಒಂದು ಕಡೆ ಚರಂಡಿಗಾಗಿ, ಮತ್ತೊಂದು ಕಡೆ ರಸ್ತೆಗಾಗಿ ಬೇರೆ ಬೇರೆ ಗುತ್ತಿಗೆದಾರರು ಒಬ್ಬರಿಗೊಬ್ಬರು ತಿಳಿಯದಂತೆ ಕತ್ತರಿಸುವುದರಿಂದಲೇ ಮರಗಳು ಇಂಥ ಸ್ಥಿತಿಗೆ ಬರುವುದರಿಂದ, ಹಿಂದಿನ ಅಗೆತಗಳ ವಿವರವನ್ನು ನೆರೆಹೊರೆಯವರಿಂದ ಕೇಳಿ ತಿಳಿಯುವುದು ಒಳ್ಳೆಯದು. ತಂತಿಯ ಕೆಳಗಿನ ಕೊಂಬೆಗಳನ್ನು ಒಂದೇ ಬದಿಯಿಂದ ಸವರಿದ್ದರೆ ಭಾರ ಈಗಾಗಲೇ ಇನ್ನೊಂದು ಬದಿಗೆ ವಾಲಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾಲದ ಆಯ್ಕೆಯಲ್ಲಿ ಮೈಸೂರು ಸೀಮೆಯ ಹವಾಮಾನವೇ ಮಾರ್ಗದರ್ಶಿ. ಏಪ್ರಿಲ್–ಮೇ ತಿಂಗಳ ಮುಂಗಾರುಪೂರ್ವ ಮಳೆಗಳು ಬಿರುಗಾಳಿಯೊಂದಿಗೆ ಬರುತ್ತವೆ, ಹೆಚ್ಚಿನ ಮರಗಳು ಉರುಳುವುದು ಆಗಲೇ. ಅದಕ್ಕೆ ಮೊದಲಿನ ಎರಡು ಮೂರು ತಿಂಗಳಲ್ಲಿ ಬೇರು ಕತ್ತರಿಸಿದರೆ ಮರಕ್ಕೆ ಚೇತರಿಸಿಕೊಳ್ಳಲು ಅವಕಾಶವಿರುವುದಿಲ್ಲ. ಹಿಂಗಾರು ಮುಗಿದು ಮಣ್ಣಿನಲ್ಲಿ ಇನ್ನೂ ತೇವವಿರುವ, ಗಾಳಿ ಕಡಿಮೆಯಿರುವ ನವೆಂಬರ್–ಡಿಸೆಂಬರ್ ಸೂಕ್ತ ಕಾಲ, ಮತ್ತು ಮುಂದಿನ ಬೇಸಗೆಯಲ್ಲಿ ಆ ಮರಕ್ಕೆ ವಾರಕ್ಕೊಮ್ಮೆಯಾದರೂ ನೀರುಣಿಸಬೇಕು. ದೊಡ್ಡ ಜಾತ್ರೆಗೋ ಕುಂಭಮೇಳಕ್ಕೋ ಕೆಲವೇ ವಾರಗಳಿರುವಾಗ ಅವಸರದಲ್ಲಿ ಕೈಗೆತ್ತಿಕೊಳ್ಳುವ ಕಾಮಗಾರಿ ಈ ಎಲ್ಲ ಎಚ್ಚರಗಳನ್ನೂ ಮೀರುವಂತೆ ಮಾಡುತ್ತದೆ. ಹಿಂದಿನ ವರ್ಷದ ಹಿಂಗಾರು ಮುಗಿದೊಡನೆ ಕೆಲಸ ಆರಂಭಿಸುವುದೊಂದೇ ಅದಕ್ಕೆ ಪರಿಹಾರ.

ಅನುಮತಿ ಮತ್ತು ಅರ್ಜಿ

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ವೃಕ್ಷಾಧಿಕಾರಿಯ, ಅಂದರೆ ಈ ಕಾಯಿದೆಯಡಿ ನೇಮಕಗೊಂಡ ಅರಣ್ಯಾಧಿಕಾರಿಯ ಅನುಮತಿಯಿಲ್ಲದೆ ನಗರ ಪ್ರದೇಶದಲ್ಲಿ ಮರ ಕಡಿಯುವಂತಿಲ್ಲ. ಕಡಿಯುವುದು ಎಂಬುದರ ವ್ಯಾಖ್ಯೆಯೂ ಅದರಲ್ಲಿ ವಿಶಾಲವಾಗಿದ್ದು, ಕಾಂಡವನ್ನು ತುಂಡರಿಸುವುದಷ್ಟೇ ಅಲ್ಲದೆ ಬುಡಮೇಲು ಮಾಡುವುದು, ತೊಗಟೆಯನ್ನು ಸುತ್ತ ಸುಲಿಯುವುದು, ಸುಡುವುದು, ವಿಷ ಹಾಕುವುದು ಮೊದಲಾದ ಹಾನಿಗಳೂ ಅದರಲ್ಲಿ ಸೇರುತ್ತವೆ. ಅಂಗಡಿಯ ಮುಂದಿನ ಮರ ಒಣಗಲೆಂದು ಬುಡಕ್ಕೆ ಬಿಸಿನೀರು, ಆಮ್ಲ ಸುರಿಯುವುದು ಇದೇ ಅಪರಾಧದ ವ್ಯಾಪ್ತಿಗೆ ಬರುತ್ತದೆ. ಇನ್ನೊಂದೆಡೆ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅಡೆತಡೆಯಿಲ್ಲದ ಪಾದಚಾರಿ ಮಾರ್ಗವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿದೆ. ಹೀಗಾಗಿ ಮರವನ್ನು ಉಳಿಸಿಕೊಂಡೇ ದಾರಿ ಸರಿಮಾಡಬೇಕೆಂದು ಕೇಳುವ ನಾಗರಿಕರ ಬೇಡಿಕೆಗೆ ಎರಡೂ ಕಡೆಯಿಂದ ಕಾನೂನಿನ ಬಲವಿದೆ.

ಅರ್ಜಿಯನ್ನು ಯಾರಿಗೆ ಕೊಡಬೇಕೆಂಬುದು ಜಾಗವನ್ನು ಅವಲಂಬಿಸುತ್ತದೆ. ಊರೊಳಗಿನ ಬೀದಿಗಳಿಗೆ ನಂಜನಗೂಡಿನಲ್ಲಿ ನಗರಸಭೆಯ ಪೌರಾಯುಕ್ತರು, ತಿ. ನರಸೀಪುರದಲ್ಲಿ ಪುರಸಭೆಯ ಮುಖ್ಯಾಧಿಕಾರಿಗಳು ಹೊಣೆಗಾರರು. ಹೆದ್ದಾರಿಯ ಗಡಿಯೊಳಗಿನ ಹಾಸು ಮತ್ತು ಮರಗಳಿಗೆ ಆ ಹೆದ್ದಾರಿಯನ್ನು ನೋಡಿಕೊಳ್ಳುವ ಇಲಾಖೆ. ವಿದ್ಯುತ್ ತಂತಿಗೆ ತಾಗುವ ಕೊಂಬೆಗಳಿಗೆ ಚೆಸ್ಕಾಂ. ಮರ ಅಥವಾ ದೊಡ್ಡ ಬೇರು ತೆಗೆಯುವ ಪ್ರಶ್ನೆ ಬಂದಲ್ಲಿ ಅರಣ್ಯ ಇಲಾಖೆ. ಅರ್ಜಿಯಲ್ಲಿ ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಅಥವಾ ಮನೆಯ ಗುರುತು, ಮರದ ಜಾತಿ ಮತ್ತು ಸುತ್ತಳತೆ, ಕಾಂಡದಿಂದ ಹಾನಿಯಾದ ಹಾಸಿಗಿರುವ ದೂರ, ಎದ್ದ ಅಂಚಿನ ಎತ್ತರ, ನಡೆಯಲು ಉಳಿದಿರುವ ಅಗಲ ಇವುಗಳನ್ನು ಬರೆದು, ಅಳತೆಪಟ್ಟಿ ಕಾಣುವಂತೆ ತೆಗೆದ ಫೋಟೊ ಲಗತ್ತಿಸಿ, ಸ್ವೀಕೃತಿ ಪಡೆಯಬೇಕು. ‘ಮರದಿಂದ ತೊಂದರೆಯಾಗಿದೆ’ ಎಂದಷ್ಟೇ ಬರೆದ ಅರ್ಜಿಯನ್ನು ಮರ ಕಡಿಯುವ ಬೇಡಿಕೆಯಾಗಿ ಓದಿಕೊಳ್ಳುವ ಸಂಭವವಿರುವುದರಿಂದ, ಯಾವ ತಿದ್ದುಪಡಿ ಬೇಕೆಂಬುದನ್ನು ಸ್ಪಷ್ಟವಾಗಿ ಕೇಳುವುದು ಅಗತ್ಯ.

ಅದಕ್ಕಿಂತಲೂ ಪರಿಣಾಮಕಾರಿಯಾದದ್ದು ಕಾಮಗಾರಿಯ ಅಂದಾಜುಪಟ್ಟಿ ತಯಾರಾಗುವ ಹಂತದಲ್ಲೇ ಮಾತನಾಡುವುದು. ಚದರ ಮೀಟರಿನ ಲೆಕ್ಕದಲ್ಲಿ ಹಣ ಪಾವತಿಯಾಗುವ ಕೆಲಸದಲ್ಲಿ ಮರದ ಸುತ್ತ ಜಾಗ ಬಿಡಲು ಗುತ್ತಿಗೆದಾರನಿಗೆ ಕಾರಣವಿರುವುದಿಲ್ಲ. ಪ್ರತಿ ಮರಕ್ಕೂ ಒಂದು ಮೀಟರ್ ತೆರೆದ ಪಾತಿ, ಅದರ ಅಂಚುಕಲ್ಲು, ಕೈಯಿಂದ ಅಗೆಯುವ ಕೂಲಿ ಇವುಗಳು ಅಂದಾಜಿನಲ್ಲಿ ಪ್ರತ್ಯೇಕ ಬಾಬುಗಳಾಗಿ ಸೇರಿದ್ದರೆ ಮಾತ್ರ ಅವು ನೆಲದ ಮೇಲೆ ಬರುತ್ತವೆ. ವಾರ್ಡಿನ ಸದಸ್ಯರ ಬಳಿ, ನಗರಸಭೆಯ ಎಂಜಿನಿಯರರ ಬಳಿ ಈ ಒಂದು ಬೇಡಿಕೆಯನ್ನು ಮುಂದಿಡುವ ನೆರೆಹೊರೆಯವರು, ಮರ ಬಿದ್ದ ಮೇಲೆ ಪ್ರತಿಭಟಿಸುವವರಿಗಿಂತ ಹೆಚ್ಚಿನದನ್ನು ಸಾಧಿಸಬಲ್ಲರು.

ಹೊಸ ಮರಗಳ ಆಯ್ಕೆ

ಕಾಂಡದ ಬುಡದಲ್ಲಿ ಅಣಬೆ ಎದ್ದಿದ್ದರೆ, ಹೊಸದಾಗಿ ವಾಲಲು ತೊಡಗಿದ್ದರೆ, ವಾಲಿಕೆಯ ಎದುರುಬದಿಯಲ್ಲಿ ನೆಲ ಬಿರಿದಿದ್ದರೆ ಅಂಥ ಮರವನ್ನು ಅರಣ್ಯ ಇಲಾಖೆಯ ಪರಿಶೀಲನೆಯ ನಂತರ ತೆಗೆಯುವುದೇ ಕ್ಷೇಮ. ಆಗ ಬುಡದ ಮೋಟನ್ನೂ ಸಾಧ್ಯವಾದಷ್ಟು ತೆಗೆಯಬೇಕು, ಏಕೆಂದರೆ ಉಳಿದ ಬೇರುಗಳು ಕೊಳೆತಾಗ ನೆಲದಲ್ಲಿ ಪೊಳ್ಳಾಗಿ ಕೆಲವು ವರ್ಷಗಳ ಮೇಲೆ ಹೊಸ ಹಾಸು ಕುಸಿಯುತ್ತದೆ. ಸಾಲಿನ ಎಲ್ಲ ಮರಗಳನ್ನೂ ಒಟ್ಟಿಗೆ ತೆಗೆಯದೆ, ಬದಲಿ ಗಿಡಗಳು ಎದ್ದು ನಿಂತಂತೆ ಒಂದೊಂದಾಗಿ ತೆಗೆದರೆ ಬೀದಿ ಪೂರ್ತಿ ಬೋಳಾಗುವುದಿಲ್ಲ.

ಬದಲಿ ಮರವನ್ನು ಆರಿಸುವಾಗ ಹೂವಿನ ಅಂದಕ್ಕಿಂತ ಮಣ್ಣಿನ ಪಟ್ಟಿಯ ಅಗಲ ಮುಖ್ಯ. ಆಲ, ಅರಳಿ, ಗೋಣಿ, ಬಸರಿ, ಅತ್ತಿಗಳು ಈ ನಾಡಿನ ಮಹಾವೃಕ್ಷಗಳು. ಹಕ್ಕಿಗಳಿಗೆ ಅವುಗಳಷ್ಟು ಉಪಕಾರಿಯಾದ ಮರಗಳು ಕಡಿಮೆ, ಆದ್ದರಿಂದ ಅವು ದೇವಾಲಯದ ಬಯಲು, ಶಾಲೆಯ ಮೈದಾನ, ನದಿಯ ದಂಡೆ, ಉದ್ಯಾನಗಳಂಥ ವಿಶಾಲ ಜಾಗದಲ್ಲಿರಬೇಕು. ಹಕ್ಕಿಯ ಹಿಕ್ಕೆಯಿಂದ ಚರಂಡಿಯ ಗೋಡೆಯಲ್ಲಿ ಮೊಳೆತ ಅರಳಿ, ಅತ್ತಿಯ ಸಸಿಗಳನ್ನು ಬೆರಳಿನ ಗಾತ್ರ ಮೀರುವ ಮೊದಲೇ ಬೇರುಸಹಿತ ಕಿತ್ತು ಅಂಥ ಕಡೆ ನೆಡುವುದು ಎರಡು ವಿಧದಲ್ಲಿ ಲಾಭ. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಮಳೆಮರ, ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಎರಡೂ ಮೇಲ್ಪದರದಲ್ಲಿ ದಪ್ಪ ಬೇರು ಬಿಡುವಂಥವು, ಕಿರಿದಾದ ಬೀದಿಗೆ ಹೊಂದುವಂಥವಲ್ಲ. ಆಕಾಶಮಲ್ಲಿಗೆಯ ಬೇರಿನಿಂದ ಏಳುವ ಮರಿಗಿಡಗಳು ಇಂಟರ್‌ಲಾಕ್ ಸಂದುಗಳಲ್ಲಿ ನುಗ್ಗುತ್ತವೆ, ಅದರ ಕೊಂಬೆಗಳೂ ಪೆಡಸು.

ಮಣ್ಣಿನ ಪಟ್ಟಿ ಒಂದು ಮೀಟರ್ ಮಾತ್ರವಿದ್ದು ಮೇಲೆ ತಂತಿ ಹಾದಿದ್ದರೆ ಕಕ್ಕೆ, ಬಸವನಪಾದ, ಸೀತಾಶೋಕ, ದೇವಕಣಗಿಲೆಗಳಂಥ ಚಿಕ್ಕ ಮರಗಳು ಸಾಕು. ನಂಜುಂಡೇಶ್ವರನ ಊರಾದ ನಂಜನಗೂಡಿಗೆ ಬಿಲ್ವವೂ ಸಹಜವಾದ ಆಯ್ಕೆ, ಆದರೆ ಮುಳ್ಳಿರುವುದರಿಂದ ತಲೆಯ ಎತ್ತರದವರೆಗೆ ಕೊಂಬೆ ಸವರುತ್ತಿರಬೇಕು. ಎರಡು ಮೀಟರ್ ಇದ್ದಲ್ಲಿ ಬಕುಲ, ಹೊಳೆದಾಸವಾಳ, ಹೊಂಗೆಗಳನ್ನು ನೆಡಬಹುದು. ಮೂರು ಮೀಟರ್ ಮೀರಿದಲ್ಲಿ ಮಾತ್ರ ಬೇವು, ನೇರಳೆಗಳಂಥ ದೊಡ್ಡವು. ಬೇರನ್ನು ಕೆಳಮುಖವಾಗಿ ತಿರುಗಿಸುವ ದಪ್ಪ ಪ್ಲಾಸ್ಟಿಕ್ ತಡೆಹಾಳೆಯನ್ನು ಹಾಸಿನ ಅಂಚಿನುದ್ದಕ್ಕೆ 45ರಿಂದ 60 ಸೆಂಟಿಮೀಟರ್ ಆಳದಲ್ಲಿ ನೆಡುವಾಗಲೇ ಹೂಳಬಹುದು. ಅದು ಹಾನಿಯನ್ನು ಹಲವು ವರ್ಷ ಮುಂದೂಡುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ, ಗಿಡದ ಸುತ್ತ ನಾಲ್ಕೂ ಕಡೆ ಹೂತರೆ ಬೇರು ಅದರೊಳಗೇ ಸುತ್ತಿಕೊಂಡು ಮರ ಅಸ್ಥಿರವಾಗುತ್ತದೆ.

ನರ್ಸರಿಯ ಪಾಲಿಥಿನ್ ಚೀಲದಲ್ಲಿ ಬಹಳ ದಿನ ಉಳಿದ ಸಸಿಯ ಬೇರುಗಳು ತಳದಲ್ಲಿ ಸಿಂಬೆ ಸುತ್ತಿರುತ್ತವೆ. ಆ ಸುತ್ತನ್ನು ಬಿಡಿಸದೆ ಅಥವಾ ಕತ್ತರಿಸದೆ ನೆಟ್ಟರೆ ಬೇರು ಆಳಕ್ಕೂ ಇಳಿಯುವುದಿಲ್ಲ, ಹೊರಕ್ಕೂ ಸರಿಯಾಗಿ ಹರಡುವುದಿಲ್ಲ. ಗುಂಡಿಯನ್ನು ಸುಮಾರು ಒಂದು ಮೀಟರ್ ಆಳ, ಅಗಲ ತೆಗೆದು ಗಟ್ಟಿ ಮಣ್ಣನ್ನು ಸಡಿಲಿಸಿ, ಬೇರುಬುಡ ನೆಲಮಟ್ಟದಲ್ಲೇ ಇರುವಂತೆ ಜೂನ್–ಜುಲೈನಲ್ಲಿ ನೆಡಬೇಕು. ದಿನವೂ ಒಂದು ಚೊಂಬು ಚಿಮುಕಿಸುವ ನೀರು ಮೇಲ್ಪದರವನ್ನಷ್ಟೇ ನೆನೆಸಿ ಬೇರನ್ನು ಮೇಲೆಯೇ ಉಳಿಸುವುದರಿಂದ, ಮೊದಲ ಮೂರು ಬೇಸಗೆಗಳಲ್ಲಿ ವಾರಕ್ಕೆ ಒಂದೆರಡು ಬಾರಿ ಎರಡು ಬಿಂದಿಗೆ ನೀರನ್ನು ನಿಧಾನವಾಗಿ ಇಂಗಿಸುವುದು ಮೇಲು. ದನ–ಮೇಕೆಗಳಿಂದ ಕಾಯಲು ಹಾಕಿದ ಕಬ್ಬಿಣದ ಕಾವಲುಗೂಡನ್ನು ಕಾಂಡ ಅದರ ಸರಳುಗಳಿಗೆ ತಾಗುವ ಮೊದಲೇ ಬಿಚ್ಚಿ, ಮುಂದಿನ ಸಸಿಗೆ ಬಳಸಬೇಕು.